ನವ್ಯಶ್ರೀ ಕಟ್ಟಿಸಿದ ಕಂಪ್ಯೂಟರ್

ಮರವಂತೆಯಲ್ಲಿ ಬಸ್ಸು ಹತ್ತಿದಾಗಿನಿಂದ ನವ್ಯಶ್ರೀಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಆ ಮನೆಗೆ ಕುಕ್ಕರ್, ಬಕೆಟ್ಟು, ಪರದೆ ಎಲ್ಲ ಆರಿಸಿದವಳು ಅವಳೇ. ತನ್ನ ಕೆಲಸಕ್ಕೆಂದು ಒಂದು ವಸ್ತು ಆರಿಸಲು ಕುಂದಾಪುರಕ್ಕೆ ಹೊರಟದ್ದು ಮಾತ್ರ ೨೦೧೦ರ ಆ ಬೆಳಿಗ್ಗೆಯೇ ಮೊದಲು.

ಅವಳ ಕೆಲಸ ಮದುವೆ ವಿಡಿಯೋಗಳ ಎಡಿಟಿಂಗ್. ಗಂಡ ರಾಜೀವ ಕ್ಯಾಮೆರಾ ಹೊತ್ತು ಬೈಂದೂರಿನಿಂದ ಬ್ರಹ್ಮಾವರದವರೆಗೆ ಮದುವೆಮನೆಗಳಿಗೆ ಹೋಗುತ್ತಿದ್ದ. ತಂದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂರಿಸಿ ಡಿವಿಡಿ ಮಾಡುವವಳು ಅವಳು. ಊರವರ ಬಾಯಲ್ಲಿ ಅದು ರಾಜೀವನ ವಿಡಿಯೋ. ಕಂಪ್ಯೂಟರ್ ನಿಧಾನವಾದಷ್ಟೂ ಅನುಕೂಲ ಎಂದೇ ಅವನು ತಿಳಿದಿದ್ದ. ಜೋಡಿಸಿದ ತುಣುಕುಗಳನ್ನು ಅದು ಒಂದೇ ವಿಡಿಯೋ ಆಗಿ ರೆಂಡರ್ ಮಾಡುತ್ತಿರುವಾಗ ಅವಳು ಬಟ್ಟೆ ಒಗೆಯಬಹುದು, ಪಾತ್ರೆ ತೊಳೆಯಬಹುದು, ಮಗಳನ್ನು ಮೀಯಿಸಬಹುದು. ಹಾಗೆ ಎದ್ದು ಕೂತು, ಕೂತು ಎದ್ದು, ಯಾವ ದೃಶ್ಯದ ಮುಂದೆ ಯಾವುದನ್ನು ಇಡಬೇಕೆಂದುಕೊಂಡಿದ್ದಳೋ ಅದೇ ಅವಳಿಗೆ ಮರೆತುಹೋಗುತ್ತಿತ್ತು.

ಹಳೆಯ ಕಂಪ್ಯೂಟರ್ ಸತ್ತದ್ದು ಅಕ್ಕರೆ ಹೆಚ್ಚಾಗಿ. ಮರವಂತೆಯ ಕಡಲ ಗಾಳಿ ಯಾವ ಕಬ್ಬಿಣವನ್ನೂ ಸುಮ್ಮನೆ ಬಿಡುವುದಿಲ್ಲ. ಉಪ್ಪು ತಾಗದಿರಲಿ ಎಂದು ಅತ್ತೆ ಗುಲಾಬಿ ಅದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಮೀನು ಮಾರಲು ಹೋಗಿದ್ದರು. ಒಳಗೆ ರೆಂಡರ್ ನಡೆದೇ ಇತ್ತು. ಗ್ರಾಫಿಕ್ಸ್ ಕಾರ್ಡಿನ ಪುಟ್ಟ ಫ್ಯಾನು ತುಕ್ಕು ಹಿಡಿದು ಮೊದಲೇ ನರಳುತ್ತಿತ್ತು. ಆ ಸೆಕೆಗೆ ನಿಂತುಹೋಯಿತು. ಮದರ್‌ಬೋರ್ಡೂ ಸುಟ್ಟುಹೋಯಿತು. ಬೈಂದೂರಿನ ಮದುವೆಯೊಂದು ಅರ್ಧಕ್ಕೇ ನಿಂತಿತು.

ಕುಂದಾಪುರದ ಕಂಪ್ಯೂಟರ್ ಅಂಗಡಿಯ ಯತೀಶ, ಅವಳ ಜೊತೆ ಬಂದಿದ್ದ ರಾಜೀವನ ಮುಂದೆ ಎರಡು ಫ್ಯಾನಿನ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಇಟ್ಟ. ರಾಜೀವನ ಕಣ್ಣು ಅರಳಿತು. ಕಾರ್ಡು ಇದಿರಲಿ, ಪ್ರೊಸೆಸರ್ ಅಗ್ಗದ, ಎರಡು ಕೋರಿನದು ಸಾಕು ಎಂದು ಅವರಿಬ್ಬರೊಳಗೆ ತೀರ್ಮಾನವೂ ಆಯಿತು.

"ಅದ್ ಯಾರಿಗೆ?" ಎಂದಳು ನವ್ಯಶ್ರೀ. "ನಮ್ಮನಿ ಒಳ್ಗೆ ಆಟ ಆಡುಕೆ ಪುರ್ಸೊತ್ತ್ ಯಾರಿಗಿತ್ತ್?"

ಯತೀಶ ನಕ್ಕು, ಸ್ಟೂಲನ್ನು ಅವಳ ಕಡೆ ಎಳೆದುಕೊಂಡ. ತನ್ನ ಎಡಿಟಿಂಗ್ ಸಾಫ್ಟ್‌ವೇರಿನ ಭಾರವೆಲ್ಲ ಬೀಳುವುದು ಪ್ರೊಸೆಸರಿನ ಮೇಲೆ ಎಂದು ಅವಳು ಹೇಳಿದಳು. ಕೆಲಸ ಬೇಗ ಮುಗಿಯಲು ನಾಲ್ಕು ಕೋರಿನದೇ ಬೇಕು. ಮುಂದೆಂದಾದರೂ ಆರು ಕೋರಿನದನ್ನು ಕೂರಿಸಲು ಬರುವಂಥ ಬೋರ್ಡ್ ಬೇಕು. ಗ್ರಾಫಿಕ್ಸ್ ಕಾರ್ಡ್ ಸಾಧಾರಣದ್ದಾಗಲಿ, ಆದರೆ ಫ್ಯಾನ್ ಇಲ್ಲದ್ದಾಗಲಿ. ತಿರುಗುವ ಭಾಗವೇ ಇಲ್ಲದಿದ್ದರೆ ಉಪ್ಪುಗಾಳಿ ಯಾವುದನ್ನು ಹಿಡಿದು ನಿಲ್ಲಿಸೀತು?

ಮಾತು ಸರಿ, ಆದರೆ ಬಿಸಿ ಹೊರಗೆ ಹೋಗಬೇಕಲ್ಲ ಎಂದ ಯತೀಶ. ಅದು ಅವಳಿಗೆ ಹೊಳೆದಿರಲಿಲ್ಲ. ಅವನೇ ದಾರಿ ಹೇಳಿದ: ಅಗಲದ ಕ್ಯಾಬಿನೆಟ್, ಹಿಂದೆ ದೊಡ್ಡದೊಂದು ಫ್ಯಾನು. ತುಕ್ಕು ಹಿಡಿದರೆ ನಾಲ್ಕು ಸ್ಕ್ರೂ ಬಿಚ್ಚಿ ಅವಳೇ ಬದಲಿಸಬಹುದು. ಕಪಾಟಿನಿಂದ ತೆಗೆದುಕೊಟ್ಟ ಕಾರ್ಡಿನ ಮೇಲೆ ಅಲ್ಯೂಮಿನಿಯಂ ಪಟ್ಟಿಗಳು ಬಾಚಣಿಗೆಯ ಹಲ್ಲಿನಂತೆ ಸಾಲಾಗಿದ್ದವು. ಅವುಗಳ ಮೇಲೆ ಬೆರಳಾಡಿಸುವಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಅಡುಗೆಮನೆ ಹತ್ರ ಮಾತ್ರ ಇಡ್ಬೇಡಿ ಅಕ್ಕ. ಎಣ್ಣೆ ಹೊಗೆ ಒಳ್ಗೆ ಹೋಯಿ ಕೂಕಂತ್ತ್," ಎಂದ ಯತೀಶ.

ಹಳೆಯದು ಇದ್ದದ್ದು ಅಲ್ಲೇ. ಅವಳ ಒಂದು ಕಣ್ಣು ಒಲೆಯ ಮೇಲಿರಲಿ ಎಂದು. ರಾಜೀವ ತಲೆ ಕೆರೆದುಕೊಂಡ. "ಹಂಗಾರೆ ಒಲಿ ಕಾಂಬುದ್ ಯಾರ್?"

"ನಿಮ್ಗೂ ಎರ್ಡ್ ಕಣ್ಣಿತ್ತಲೆ. ಕ್ಯಾಮೆರಾಕ್ಕೆ ಒಂದೇ ಸಾಕಲ್ದಾ?" ಎಂದಳು ನವ್ಯಶ್ರೀ.

ಯತೀಶ ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಮುಖ ತಿರುಗಿಸಿದ. ರಾಜೀವ ಗೇಮಿಂಗ್ ಕಾರ್ಡನ್ನು ಒಮ್ಮೆ ನೋಡಿ, ತಾನೇ ಪೆಟ್ಟಿಗೆಯೊಳಗಿಟ್ಟ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಜೋಡಣೆಯಾಯಿತು. ಸುಡದೆ ಉಳಿದಿದ್ದ ಹಳೆಯ ಹಾರ್ಡ್ ಡಿಸ್ಕನ್ನೂ ಒಳಗೆ ಕೂರಿಸಿದರು. ಅವಳು ಬೈಂದೂರಿನ ಮದುವೆಯನ್ನು ತೆರೆದಳು. ಧಾರೆಯ ದೃಶ್ಯ ಎಲ್ಲೂ ತಡವರಿಸದೆ ಓಡಿತು. ನೀರು ಬೀಳುವ ಹೊತ್ತಿಗೆ ಮದುಮಗಳು ತಾಯಿಯತ್ತ ಕಣ್ಣು ಹೊರಳಿಸಿದ್ದು ಈಗ ಕಂಡಿತು. ನವ್ಯಶ್ರೀ ಅಲ್ಲಿಯೇ ಕತ್ತರಿಸಿ, ಪಕ್ಕಕ್ಕೆ ತಾಯಿಯ ಮುಖ ತಂದಳು. ತಕ್ಷಣ ಕೂತಿತು. ಮತ್ತೊಂದು. ಇನ್ನೊಂದು.

ಬಸ್ಸಿಗೆ ಹೊತ್ತಾಯಿತೆಂದು ರಾಜೀವ ಎರಡು ಸಲ ಹೇಳಿದ. ಅವಳು ಏಳಲಿಲ್ಲ. ಅವನು ಸ್ವಲ್ಪ ಹೊತ್ತು ಹಿಂದೆ ನಿಂತು ಪರದೆಯನ್ನೇ ನೋಡಿದ. ಆಮೇಲೆ ಅವನು ಬಾಗಿಲಾಚೆ ಹೋಗಿ ಮೊಬೈಲಿನಲ್ಲಿ ತಾಯಿಗೆ ಹೇಳುವುದು ಕೇಳಿಸಿತು.

"ಅಮ್ಮ, ಮಸಾಲಿ ರುಬ್ಬುದ್ ಇರ್ಲಿ, ನಾನ್ ಬಂದ್ ಕಡಿತೆ. ಅವ್ಳಿಗ್ ಕೆಲ್ಸ ಇತ್ತ್."

ನವ್ಯಶ್ರೀ ಆಗಲೇ ಆ ಮದುವೆಯ ಊಟದ ಪಂಕ್ತಿಯ ದೃಶ್ಯಕ್ಕೆ ಕೈಹಾಕಿದ್ದಳು.