ಕಾಯಿಸಿ ಆರಿಸಿದ ನೀರು

ಮನುಷ್ಯನ ಮುಂಗೈ ಮುರಿಯುವ ಸದ್ದು ಜೋರಾಗಿರುವುದಿಲ್ಲ. ಒಲೆಗೆ ಹಾಕುವ ಮುಂಚೆ ಪುರಲೆಯನ್ನು ಮೊಣಕಾಲಿಗೆ ಕೊಟ್ಟು ಮುರಿಯುತ್ತಾರಲ್ಲ, ಅಷ್ಟೇ. ಲಟಕ್. ಅದರ ಹಿಂದೆಯೇ ಕಾರಿನ ಮೂತಿಗೆ ಸಿಕ್ಕಿಸಿ ತಿರುಗಿಸುವ ಹ್ಯಾಂಡಲ್ ಕಲ್ಲಿನ ಮೇಲೆ ಬಿದ್ದ ಠಣ್ ಎನ್ನುವ ಸದ್ದು, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ನಮ್ಮ ಡ್ರೈವರನ ಕೂಗು. ಹುಣಸೂರಿನ ನಮ್ಮ ಮನೆಯ ಜಗುಲಿಯ ಮೇಲೆ ನಿಂತು ನಾನಿದನ್ನು ಕೇಳಿದಾಗ ನನಗೆ ಹದಿನಾಲ್ಕು ವರ್ಷ. ಎರಡನೇ ಮಹಾಯುದ್ಧದ ಕಾಲ. ಮೈಸೂರಿನ ಕಾನ್ವೆಂಟಿನಿಂದ ರಜೆಗೆ ಬಂದಿದ್ದೆ.

ಆ ಕೈ ಮುರಿದದ್ದು ಬ್ಯಾಟರಿ ಸತ್ತದ್ದರಿಂದ. ಬ್ಯಾಟರಿ ಸತ್ತದ್ದು ನನ್ನಿಂದ.

ನಮ್ಮ ತಂದೆ ಮರದ ಕಂಟ್ರಾಕ್ಟರು. ಹೆಗ್ಗಡದೇವನಕೋಟೆ ಕಡೆಯ ಕಾಡಿನಲ್ಲಿ ತೇಗ, ಬೀಟೆ ಹರಾಜಿಗೆ ಬಂದಾಗ ಕೂಗಿ ಹಿಡಿದು ಹುಣಸೂರಿನ ಡಿಪೋದಲ್ಲಿ ಮಾರುತ್ತಿದ್ದರು. ಕಾರು ಇಟ್ಟದ್ದು ಅದಕ್ಕೇ. ಅವರ ಕೈ ಮಾತಿಗಿಂತ ಒಂದು ಹೆಜ್ಜೆ ಮುಂದೆ. ಆಳುಗಳಿಗೆ ಹೊಡೆಯುತ್ತಿದ್ದರು, ಎತ್ತುಗಳಿಗೆ ಹೊಡೆಯುತ್ತಿದ್ದರು, ಅವ್ವನಿಗೆ ಹೊಡೆಯುತ್ತಿದ್ದರು. ಅವ್ವನ ಎಡಗಿವಿ ಕೇಳುತ್ತಿರಲಿಲ್ಲ. ನಾನು ಹುಟ್ಟುವ ಮುಂಚಿನ ಯಾವುದೋ ಒಂದು ಏಟು ಅದನ್ನು ಮುಚ್ಚಿಸಿತ್ತು. ನನ್ನನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮನೆಗೆ ಬಂದವರ ಮುಂದೆ ನನ್ನಿಂದ ಇಂಗ್ಲಿಷ್ ಓದಿಸುವುದು ಅವರಿಗೆ ಒಂದು ಪ್ರೆಸ್ಟೀಜು. ನಮ್ಮ ಮನೆಯ ಕನ್ನಡವೂ ಅವರಿಗೆ ತಕ್ಕ ಹಾಗೇ ಇತ್ತೆಂದು ಈಗ ಅನ್ನಿಸುತ್ತದೆ. ಸೆಲ್ಫ್ ಹೊಡಿ, ಹ್ಯಾಂಡಲ್ ಹೊಡಿ, ಹಾರನ್ ಹೊಡಿ, ಪಂಪ್ ಹೊಡಿ. ಕಾನ್ವೆಂಟಿನಲ್ಲಿ ಇವಕ್ಕೆಲ್ಲ ಬೇರೆ ಬೇರೆ ವರ್ಬುಗಳಿವೆ ಎಂದು ಕಲಿಸಿದಾಗ ನನಗೆ ನಗು ಬಂದಿತ್ತು.

ಡ್ರೈವರು ಬೆಟ್ಟದಪುರದ ಕಡೆಯವನು, ಮೂವತ್ತರ ಆಸುಪಾಸು, ಮೈಸೂರಿನ ಬಸ್ಸುಗಳಲ್ಲಿ ಪಳಗಿದವನು. ಆಗ ಬ್ಯಾಟರಿ ಬಾನೆಟ್ಟಿನಲ್ಲಿ ಇರುತ್ತಿರಲಿಲ್ಲ. ಡ್ರೈವರನ ಕಾಲಡಿಯ ಹಲಗೆಯ ಕೆಳಗೆ ಕೂತಿರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಅವನು ಹಲಗೆ ಎತ್ತಿ, ಮೂರು ಬಿರಡೆ ಬಿಚ್ಚಿ, ಒಳಗಿನ ತಗಡುಗಳು ಮುಳುಗುವಷ್ಟು ನೀರು ಕುಡಿಸುತ್ತಿದ್ದ. ಕುಡಿಸುವುದು ಎನ್ನುವುದು ಅವನದೇ ಮಾತು. ಅದೂ ಮಳೆಯ ನೀರು ಮಾತ್ರ. ವರ್ಷದ ಮೊದಲ ಮಳೆಯನ್ನು ಹೋಗಲು ಬಿಟ್ಟು, ಎರಡನೆಯದಕ್ಕೆ ಅಂಗಳದ ನಡುವೆ ನಾಲ್ಕು ಗೂಟ ನೆಟ್ಟು ಬಿಳಿ ಪಂಚೆ ಕಟ್ಟಿ, ಕೆಳಗೆ ಪಿಂಗಾಣಿ ಜಾಡಿ ಇಡುತ್ತಿದ್ದ. ಹೆಂಚಿಗೆ ತಾಕಿದ ನೀರು ಕೂಡ ಅವನಿಗೆ ಆಗದು.

"ಬಾವಿ ನೀರು ಮನ್ಸಂಗೆ ಅಮ್ಮಣ್ಣಿ, ಇದ್ಕೆ ಮೋಡದ ನೀರೇ ಆಗ್ಬೇಕು" ಎನ್ನುತ್ತಿದ್ದ. ದೊಡ್ಡ ಮನೆಯ ಹೆಣ್ಣುಮಕ್ಕಳನ್ನು ಆಗ ಅಮ್ಮಣ್ಣಿ ಎಂದೇ ಕರೆಯುವುದು.

ಒಂದು ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂದು ಒಮ್ಮೆ ಕೇಳಿದೆ.

"ಮೊದ್ಲನೇ ವರ್ಸ ಎತ್ತು, ಎಲ್ಡನೇ ವರ್ಸ ಎಮ್ಮೆ, ಮೂರ್ನೇ ವರ್ಸ ಮುದುಕಿ. ಮುದುಕಿ ತಲೆ ಮೇಲೆ ಮೂಟೆ ಒರ್ಸಬಾರ್ದು ಕಣ್ರವ್ವ."

ಮುದುಕಿಯಾದದ್ದು ಹೇಗೆ ಗೊತ್ತಾಗುತ್ತದೆ ಎಂದದ್ದಕ್ಕೆ ಮುಂದಿನ ದೀಪ ಹಚ್ಚಿ ಸೆಲ್ಫ್ ಒತ್ತಿ ತೋರಿಸಿದ. ದೀಪ ಕೊಂಚ ಮಂಕಾದರೆ ಚಿಂತೆಯಿಲ್ಲ, ಪೂರಾ ಕಣ್ಣು ಮುಚ್ಚಿದರೆ ಮುಗಿಯಿತು. ಬೇಗ ಬೇಗ ನೀರು ಕೇಳತೊಡಗಿದರೆ, ಕರಿ ಡಬ್ಬಿಯ ಪಕ್ಕೆ ಉಬ್ಬಿದರೆ, ಇನ್ನೊಂದು ತಿಂಗಳು ನೋಡೋಣ ಎನ್ನಬಾರದು. ಈಗಿನ ಮೆಕ್ಯಾನಿಕ್‌ಗಳು ಮೀಟರ್ ಹಿಡಿದು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ನಮ್ಮ ಹಳೆಯ ಬ್ಯಾಟರಿ ಮೂರನೆಯ ವರ್ಷಕ್ಕೆ ಬಿದ್ದಾಗ ಅವನು ಅಪ್ಪಾಜಿಗೆ ಹೇಳಿದ: "ಇದು ಮಳೆಗಾಲ ದಾಟಕ್ಕಿಲ್ಲ ಬುದ್ದಿ. ಈಗ್ಲೇ ಬದ್ಲಾಯ್ಸುದ್ರೆ ಒಳ್ಳೇದು."

"ನಿನ್ನ ಬಾಯಲ್ಲಿ ಒಳ್ಳೇ ಮಾತೇ ಬರಕ್ಕಿಲ್ವೇನ್ಲಾ?" ಎಂದು ಅಪ್ಪಾಜಿ ಕೈಯಲ್ಲಿದ್ದ ಬೆತ್ತದಿಂದ ಅವನ ತೊಡೆಗೆ ಬಾರಿಸಿದರು. ಆ ಆಷಾಢದಲ್ಲಿ ಹಂಪಾಪುರದ ಹತ್ತಿರ ಕೆಸರಿನಲ್ಲಿ ಕಾರು ನಿಂತಿತು, ಹ್ಯಾಂಡಲ್ ಹೊಡೆದರೂ ಏಳಲಿಲ್ಲ. ಅಪ್ಪಾಜಿ ಗಾಡಿ ಹಿಡಿದು ಹರಾಜಿಗೆ ತಲುಪುವುದರೊಳಗೆ ಮರವೆಲ್ಲ ಬೇರೆಯವರ ಪಾಲಾಗಿತ್ತು. ಅದಕ್ಕೂ ಏಟು ತಿಂದವನು ಅವನೇ.

ಯುದ್ಧದಲ್ಲಿ ಬ್ಯಾಟರಿ ಎಲ್ಲಿ ಸಿಗುತ್ತದೆ? ಮೈಸೂರಿನಲ್ಲಿ ಯಾರು ಯಾರನ್ನೋ ಹಿಡಿದು ಅಪ್ಪಾಜಿ ಒಂದು ಹೊಸದನ್ನು ತಂದರು. ಅದರ ಜೊತೆ ನಾಲ್ಕು ಹಾಳೆಯ ಇಂಗ್ಲಿಷ್ ಪುಸ್ತಕವಿತ್ತು. ಆಗಲೂ ನಾನು ರಜೆಯಲ್ಲಿದ್ದೆ. ಅಪ್ಪಾಜಿ ಜಗುಲಿಯ ಮೇಲೆ ಆರಾಮಕುರ್ಚಿ ಹಾಕಿಸಿ ಕೂತರು. ಡ್ರೈವರು ಕೆಳಗೆ ಅಂಗಳದಲ್ಲಿ ನಿಂತಿದ್ದ.

"ಓದು ಮಗಾ, ಏನ್ ಬರ್ದವ್ರೆ ನೋಡಾನ."

ನಾನು ಸಿಸ್ಟರ್‌ಗಳ ಅಕ್ಸೆಂಟಿನಲ್ಲಿ ಓದುತ್ತ ಹೋದೆ, ಓದಿದ್ದನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ನೀರಿನ ವಿಷಯ ಬಂತು. ಡಿಸ್ಟಿಲ್ಡ್ ವಾಟರನ್ನೇ ಹಾಕತಕ್ಕದ್ದು ಎಂದಿತ್ತು. ಡಿಸ್ಟಿಲ್ಡ್ ಎಂಬ ಪದ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ನನಗೆ ಅಭ್ಯಾಸವೂ ಇರಲಿಲ್ಲ. ಕಾನ್ವೆಂಟಿನಲ್ಲಿ ಟೈಫಾಯಿಡಿನ ಭಯಕ್ಕೆ ನಮಗೆ ದಿನಾ ಹೇಳುತ್ತಿದ್ದದ್ದು ಒಂದೇ: ಶುದ್ಧ ನೀರೆಂದರೆ ಕುದಿಸಿದ ನೀರು.

"ಕಾಯಿಸಿ ಆರಿಸಿದ ನೀರನ್ನೇ ಹಾಕಬೇಕಂತೆ, ಅಪ್ಪಾಜಿ" ಎಂದೆ.

ಡ್ರೈವರು ತಲೆ ಕೆರೆದುಕೊಂಡ. "ಕಾಯ್ಸುದ್ರೆ ಉಪ್ಪು ಓಯ್ತದಾ ಅಮ್ಮಣ್ಣಿ? ನಿಮ್ ಬಚ್ಲು ಅಂಡೆ ಒಳಗೆ ನೋಡಿ, ಸುಣ್ಣ ಬಳ್ದಂಗೆ ಕಿಟ್ಟ ಕಟ್ಟೈತೆ. ಬುದ್ದಿ, ಮಳೆ ನೀರೇ..."

"ಬ್ಯಾಟರಿ ಮಾಡ್ದೋನ್ಗಿಂತ ನಿಂಗೇ ಜಾಸ್ತಿ ಗೊತ್ತೇನ್ಲಾ? ನಮ್ ಮಗ ಸುಳ್ಳು ಓದ್ತದಾ?" ಅಪ್ಪಾಜಿ ಕೆಳಗಿಳಿದು ಪಿಂಗಾಣಿ ಜಾಡಿಯನ್ನು ಒದ್ದರು. ಅದು ಅವನ ಕಾಲಿಗೇ ಬಡಿದು ಒಡೆಯಿತು. ಒಂದು ಚೂರು ಮೊಣಕಾಲಿನ ಕೆಳಗೆ ಇಳಿದು, ನೀರಿನ ಜೊತೆ ರಕ್ತ ಅಂಗಳದ ತುಂಬ ಹರಿಯಿತು. "ಇವತ್ತಿಂದ ಕಾಯ್ಸಿ ಆರ್ಸಿದ್ದೇ ಹಾಕು. ಬೇರೆ ಹಾಕಿದ್ದು ಕಂಡ್ರೆ ಅದರೊಳಗಿನ ಆಸಿಡ್ ನಿಂಗೇ ಕುಡಿಸ್ತೀನಿ."

ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆ ರಕ್ತ ನೋಡುತ್ತಲೂ ನನಗೆ ಹೆಮ್ಮೆಯೇ ಆಗಿತ್ತು. ನನ್ನ ಪುಸ್ತಕ ಗೆದ್ದಿತ್ತು.

ಕೆಲವು ತಿಂಗಳ ನಂತರ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಒಬ್ಬರು ಗಾಜಿನ ಬುರುಡೆಯಲ್ಲಿ ನೀರು ಕುದಿಸಿ, ಆ ಹಬೆಯನ್ನು ಕೊಳವೆಯಲ್ಲಿ ಹಾಯಿಸಿ, ಇನ್ನೊಂದು ಬುರುಡೆಗೆ ತೊಟ್ಟು ತೊಟ್ಟಾಗಿ ಇಳಿಸಿದರು. "ದಿಸ್, ಗರ್ಲ್ಸ್, ಈಸ್ ಡಿಸ್ಟಿಲ್ಡ್ ವಾಟರ್. ಇದು ಸಿಗದಿದ್ದರೆ ಕ್ಲೀನ್ ರೇನ್ ವಾಟರ್" ಎಂದರು. ಭಟ್ಟಿ ಇಳಿಸಿದ ನೀರು! ನಮ್ಮೂರಲ್ಲಿ ಕದ್ದು ಸಾರಾಯಿ ಇಳಿಸುವವರಿಗೆಲ್ಲ ಗೊತ್ತಿದ್ದ ವಿದ್ಯೆ. ನನ್ನೊಬ್ಬಳಿಗೆ ಗೊತ್ತಿರಲಿಲ್ಲ. ಕಾಗದ ಬರೆಯೋಣವೆಂದರೆ ಕಾನ್ವೆಂಟಿನವರು ಓದದೆ ಯಾವ ಕಾಗದವೂ ಹೊರಗೆ ಹೋಗುತ್ತಿರಲಿಲ್ಲ. ರಜೆಗೆ ಹೋದಾಗ ಹೇಳಿದರಾಯಿತು ಎಂದುಕೊಂಡೆ.

ರಜೆಗೆ ಹೋದೆ. ಇವತ್ತು, ನಾಳೆ ಎನ್ನುತ್ತ ಎರಡು ದಿನ ಕಳೆದೆ. ಮೂರನೆಯ ಬೆಳಿಗ್ಗೆ ಅಪ್ಪಾಜಿ ಕಾಡಿಗೆ ಹೊರಟರು. ಸೆಲ್ಫ್ ಒತ್ತಿದರೆ ಕಾಯಿಲೆಯವರು ನರಳಿದ ಹಾಗೆ ಒಂದು ಸಲ ಉಂ ಎಂದು ನಿಂತಿತು. ಹೊಸ ಬ್ಯಾಟರಿಗೆ ಹತ್ತು ತಿಂಗಳೂ ತುಂಬಿರಲಿಲ್ಲ.

"ಇಳೀಲೇ, ಹ್ಯಾಂಡಲ್ ಹೊಡಿ" ಎಂದು ಅಪ್ಪಾಜಿ ಡ್ರೈವರನ್ನು ದಬ್ಬಿ ತಾವೇ ಸ್ಟೇರಿಂಗಿನ ಮುಂದೆ ಕೂತರು. ಆ ಕಾಲದ ಕಾರುಗಳಲ್ಲಿ ಸ್ಟೇರಿಂಗಿನ ಪಕ್ಕ ಒಂದು ಸಣ್ಣ ಕಡ್ಡಿ ಇರುತ್ತಿತ್ತು. ಹ್ಯಾಂಡಲ್ ಹೊಡೆಯುವಾಗ ಅದನ್ನು ಹಿಂದಕ್ಕೆ ಸರಿಸದಿದ್ದರೆ ಎಂಜಿನ್ ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಹ್ಯಾಂಡಲನ್ನು ತಿರುಗಾಮುರುಗಾ ಎಸೆಯುತ್ತದೆ.

"ಬುದ್ದಿ, ಆ ಕಡ್ಡಿ ಇಂದಕ್ಕೆ ಎಳ್ಕಳಿ, ಇಲ್ದಿದ್ರೆ ವಾಪಸ್ ಒಡೀತದೆ" ಎಂದು ಅವನು ಮುಂದಿನಿಂದ ಕೂಗಿದ.

"ನಂಗೇ ಪಾಠ ಹೇಳ್ತೀಯಾ? ಹೊಡಿಯೋ!"

ಅವನು ಹೊಡೆದ. ಒಂದು ಸಲ, ಎರಡು ಸಲ. ಮೂರನೆಯದಕ್ಕೆ ಹ್ಯಾಂಡಲ್ ತಿರುಗಿ ಅವನನ್ನು ಹೊಡೆಯಿತು.

ಅಪ್ಪಾಜಿ ಇಳಿದರು. ಅವನು ಮಂಡಿಯೂರಿ ಕೂತು ಎಡಗೈಯಲ್ಲಿ ಬಲಗೈ ಹಿಡಿದುಕೊಂಡಿದ್ದ. ಆ ಹಸ್ತ ಇರಬಾರದ ಕಡೆಗೆ ತೂಗಾಡುತ್ತಿತ್ತು. ಅಪ್ಪಾಜಿ ಅದನ್ನು ನೋಡಲೇ ಇಲ್ಲ. ಹಲಗೆ ಕಿತ್ತು ಬ್ಯಾಟರಿ ನೋಡಿದರು. ತಲೆಯ ತುಂಬ ಬಿಳಿ ಬೂಷ್ಟು, ಪಕ್ಕೆ ಉಬ್ಬಿ ಒಂದು ಕಡೆ ಸೀಳಿತ್ತು.

"ಇದು ನನ್ನ ಬ್ಯಾಟರಿ ಅಲ್ಲ. ನನ್ನದನ್ನ ಯಾವ ಬಸ್ಸಿನೋನಿಗೆ ಮಾರ್ಕೊಂಡು ಈ ಹೆಣ ತಂದು ಮಲಗ್ಸಿದ್ದೀಯಲಾ?"

"ಇಲ್ಲ ಬುದ್ದಿ, ನನ್ ಮಕ್ಕಳಾಣೆಗೂ ಅದೇ ಬ್ಯಾಟ್ರಿ. ಆ ನೀರು ಬುದ್ದಿ, ಆ ನೀರು..."

ಶೆಡ್ಡಿನ ಗೋಡೆಗೆ ಹಳೆಯ ಫ್ಯಾನ್ ಬೆಲ್ಟು ನೇತುಹಾಕಿತ್ತು. ಅಪ್ಪಾಜಿ ಅದನ್ನು ಎಳೆದುಕೊಂಡರು. ಬೆನ್ನಿಗೆ, ಕತ್ತಿಗೆ, ಕಿವಿಯ ಮೇಲೆ, ತಡೆಯಲು ಎತ್ತಿದ ಆ ಮುರಿದ ಕೈಯ ಮೇಲೆ. ಪ್ರತಿ ಏಟಿಗೂ "ಕಳ್ಳ ನನ್ಮಗನೆ" ಎಂಬ ಮಾತು. ಅಂಗಿ ಹರಿದು ರಕ್ತಕ್ಕೆ ಅಂಟಿತು. ಡಿಪೋದ ಆಳುಗಳು ಗೇಟಿನಲ್ಲಿ ನಿಂತು ನೋಡಿದರು, ಒಬ್ಬರೂ ಒಳಗೆ ಬರಲಿಲ್ಲ. ಅಪ್ಪಾಜಿಗೆ ದಣಿವಾಯಿತು. ಚೊಂಬು ತರಿಸಿ ನೀರು ಕುಡಿದು, ಬಾಯಿ ಒರೆಸಿಕೊಂಡು, ಮತ್ತೆ ಶುರು ಮಾಡಿದರು. ಅವನು ಈಗ ಕೂಗುತ್ತಿರಲಿಲ್ಲ. ಕಣ್ಣು ಮಾತ್ರ ಜಗುಲಿಯ ಕಡೆಗಿತ್ತು, ನನ್ನ ಕಡೆಗೆ.

ನಾನು ಬಾಯಿ ತೆರೆದೆ. ಹೆದರಿಕೆಗೆ ಬಂದದ್ದು ಇಂಗ್ಲಿಷ್. "ಇಟ್ ವಾಸ್ ಮೈ ಮಿಸ್ಟೇಕ್" ಎಂದೆ.

ಅಪ್ಪಾಜಿ ಏದುಸಿರು ಬಿಡುತ್ತ ತಿರುಗಿದರು. "ಏನು ಮಗಾ?" ದನಿಯಲ್ಲಿ ನನ್ನ ಮೇಲಿನ ಎಂದಿನ ಅಕ್ಕರೆ.

"ಏನಿಲ್ಲ, ಅಪ್ಪಾಜಿ."

ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ಬಲಗಿವಿ ಕೊಟ್ಟು ಪೂರ್ತಿ ಕೇಳಿ, ನನ್ನ ಕೆನ್ನೆಗೆ ಫಟಾರನೆ ಬಿಗಿದಳು. ಅವಳು ನನಗೆ ಹೊಡೆದದ್ದು ಅದೊಂದೇ ಸಲ. "ಈಗ ಅವರಿಗೆ ಹೇಳಿದ್ರೆ ಏಟು ನಿನ್ನ ಮೇಲೆ ಬೀಳಲ್ಲ. ಹೆಣ್ಣಿಗೆ ಇಂಗ್ಲಿಷ್ ಓದ್ಸಿ ಅಂತ ಹಠ ಹಿಡಿದೋಳು ನಾನು. ನಂಗೆ ಉಳಿದಿರೋದು ಒಂದೇ ಕಿವಿ ಕಣೇ" ಎಂದಳು. ನಾನು ಸುಮ್ಮನಾದೆ. ಎರಡು ವರ್ಷ ಸುಮ್ಮನಿದ್ದೆ.

ಅಪ್ಪಾಜಿ ಅವನನ್ನು ಅಂದೇ ಕೆಲಸದಿಂದ ಓಡಿಸಿದ್ದರು. ಅಷ್ಟರಲ್ಲಿ ಹುಣಸೂರು, ಪಿರಿಯಾಪಟ್ಟಣದ ಬಸ್ಸಿನವರಿಗೆಲ್ಲ ಅವನು ಬ್ಯಾಟರಿ ಕಳ್ಳನಾಗಿದ್ದ. ಯಾರೂ ಹತ್ತಿರ ಸೇರಿಸಲಿಲ್ಲ. ನಾಟಿ ವೈದ್ಯರು ಬಿದಿರು ದಬ್ಬೆ ಕಟ್ಟಿದ ಕೈ ಸೊಟ್ಟಗೆ ಕೂಡಿತೆಂದು ಯಾರೋ ಹೇಳಿದರು.

ನನಗೆ ಹದಿನಾರಾದಾಗ ಅವ್ವನ ಜೊತೆ ಕೃಷ್ಣರಾಜನಗರಕ್ಕೆ, ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಕಬ್ಬು ಕಡಿಯುವ ಕಾಲ. ಅವರ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದರು. ಗಾಣದ ಎತ್ತುಗಳ ಹಿಂದೆ ಸುತ್ತು ಹಾಕುತ್ತಿದ್ದವನು ಅವನೇ.

"ಲೇ ಬ್ಯಾಟ್ರಿ, ನಿಂಗೆ ಯಾರೋ ಬಂದವ್ರೆ ನೋಡ್ಲಾ" ಎಂದು ಒಲೆ ಉರಿಸುವವನು ಕೂಗಿದ. ಇನ್ನೊಬ್ಬ, "ಗಾಣಕ್ಕೆ ಸೆಲ್ಫ್ ಐತಾ ಅಂತ ಕೇಳಕ್ಕೆ ಬಂದಿರ್ಬೇಕು" ಎಂದ. ಎಲ್ಲರೂ ನಕ್ಕರು. ಅಡ್ಡಹೆಸರು ಅವನಿಗಿಂತ ಮುಂಚೆ ಆ ಊರು ತಲುಪಿತ್ತು.

ನಾನು ಅವನ ಜೊತೆಯಲ್ಲೇ ಸುತ್ತು ನಡೆಯುತ್ತ ಹೇಳಿದೆ: ತಪ್ಪು ನನ್ನದು, ಪುಸ್ತಕದಲ್ಲಿ ಕಾಯಿಸಿದ ನೀರು ಎಂದು ಇರಲಿಲ್ಲ.

ಅವನು ಎತ್ತು ನಿಲ್ಲಿಸಲಿಲ್ಲ. "ಅವತ್ತೇ ಗೊತ್ತಿತ್ತು. ಓದೋವಾಗ ಅಲ್ಲೊಂದು ಗಳ್ಗೆ ನಿಂತ್ರಿ ನೀವು. ತಿಳ್ದೋರು ನಿಲ್ಲಕ್ಕಿಲ್ಲ."

"ಕೈ..." ಎಂದೆ.

"ಕೈಗೇನಾಗೈತೆ? ಗೇರು ಎಡಗೈಲಿ ಆಕೋದು, ಸ್ಟೇರಿಂಗ್ ಇಡಿಯಕ್ಕೆ ಈ ಸೊಟ್ಟಗೈ ಸಾಕು. ಮುರ್ದಿದ್ದು ಎಸ್ರು ಕಣ್ರಿ." ಎತ್ತಿನ ಮೇಲೆ ಚಾವಟಿ ಎಷ್ಟು ಜೋರಾಗಿ ಬಿತ್ತೆಂದರೆ ನಾನು ಹಿಂದೆ ಸರಿದೆ. "ಕದ್ದಿಲ್ಲ ಅಂತ ನಂಗೇ ಬಂದು ಏಳ್ತೀರಾ? ನಂಗೊತ್ತಿಲ್ವಾ ಅದು? ಬಸ್ಸಿನೋರ್ಗೆ ಏಳಿ. ಬರ್ದು ಕೊಡಿ."

ಚಿಕ್ಕಮ್ಮನ ಮನೆಯಿಂದ ಕಾಗದ, ಪೆನ್ಸಿಲ್ ತಂದು ಗಾಣದ ಪಕ್ಕ ಕಬ್ಬಿನ ಸಿಪ್ಪೆಯ ಮೇಲೆ ಕೂತು ಬರೆದೆ. ಬ್ಯಾಟರಿ ನಮ್ಮದೇ, ಬದಲಾಯಿಸಿದ್ದಲ್ಲ, ಬಾವಿಯ ನೀರು ಕಾಯಿಸಿ ಹಾಕಿಸಿ ಕೆಡಿಸಿದವಳು ನಾನು.

"ಅಪ್ಪಾರ ಎಸ್ರೂ ಆಕಿ, ಇಂತೋರ ಮಗಳು ಅಂತ. ಇಲ್ದಿದ್ರೆ ಯಾವನ್ ನಂಬ್ತಾನೆ?"

ಪೆನ್ಸಿಲ್ ನಿಂತಿತು. ಅವ್ವ ಅಷ್ಟರಲ್ಲಿ ಬಂದು ನನ್ನ ಹಿಂದೆ ನಿಂತಿದ್ದಳು. ಆ ಹೆಸರಿರುವ ಕಾಗದ ಹುಣಸೂರಿಗೆ ಮುಟ್ಟಿದರೆ ನಮ್ಮಿಬ್ಬರಿಗೂ ಏನು ಕಾದಿದೆ ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಹಾಕು" ಎಂದಳು.

ಹಾಕಿದೆ. ಅವನಿಗೆ ಓದು ಬರುತ್ತಿರಲಿಲ್ಲ. ಗಟ್ಟಿಯಾಗಿ ಓದಿ ಎಂದ. ಆಲೆಮನೆಯವರೆಲ್ಲ ಕೇಳುವಂತೆ ಓದಿದೆ. ಈ ಸಲ ಯಾರೂ ನಗಲಿಲ್ಲ. "ಅಂಗಾರೆ ಇವ್ನು ಕದ್ದಿಲ್ವಾ?" ಎಂದು ಒಲೆಯವನು ಕೇಳಿದ. ಇಲ್ಲ ಎಂದೆ.

ಕಾಗದ ಬಸ್ಸಿನವರ ಕೈ ಸೇರಿತೆಂದು ನಮಗೆ ಗೊತ್ತಾದದ್ದು ಅಪ್ಪಾಜಿಯ ಬೆತ್ತದಿಂದ. ಆ ಸಲ ನನ್ನನ್ನೂ ಬಿಡಲಿಲ್ಲ. ನನ್ನ ಕಾನ್ವೆಂಟೂ ಅಲ್ಲಿಗೆ ಮುಗಿಯಿತು. ಆದರೆ ಯಾರಾದರೂ ಅವನನ್ನು ಕೆಲಸಕ್ಕೆ ಇಟ್ಟುಕೊಂಡರೋ ಇಲ್ಲವೋ, ನನಗೆ ಯಾರೂ ಹೇಳಲಿಲ್ಲ.

ನಾನು ಅವನನ್ನು ಕಡೆಯ ಸಲ ಕಂಡದ್ದು ಆಲೆಮನೆಯ ಆ ಬೆಳಿಗ್ಗೆಯೇ. ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಚಾವಟಿಯನ್ನು ಪಕ್ಕದವನ ಕೈಗೆ ಕೊಟ್ಟು, "ಎತ್ತು ನೋಡ್ಕೊಳ್ಲಾ" ಎಂದು ನಾಲೆಯ ಏರಿ ಹತ್ತಿ ರಸ್ತೆಗೆ ನಡೆದ. ನನಗೆ ಬತ್ತೀನಿ ಎಂದೂ ಹೇಳಲಿಲ್ಲ. ಮೈಸೂರಿನ ಕಡೆಗೆ ಹೋಗುವ ಬಸ್ಸೊಂದು ಬಂತು. ಸೊಟ್ಟಗೈ ಎತ್ತಿ ನಿಲ್ಲಿಸಿದ. ಹತ್ತಿದವನು ಸೀಟು ಹುಡುಕಲಿಲ್ಲ. ನೇರ ಮುಂದೆ ಹೋಗಿ ಡ್ರೈವರನ ಪಕ್ಕದಲ್ಲಿ ನಿಂತು ಜೇಬಿಗೆ ಕೈ ಹಾಕಿದ.