ಪುಸ್ತಕ ಕಪಾಟಿನಲ್ಲೇ ಇತ್ತು

ಸ್ನೇಹಿತರೇ, ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ಪುಸ್ತಕಗಳನ್ನು ಈಗ ಮೊಬೈಲಿನಲ್ಲೇ ಹುಡುಕಬಹುದು. ಒಂದೊಂದು ಪುಸ್ತಕದ ವಿವರವನ್ನೂ ಕೂತು ತುಂಬಿಸಿದವರಲ್ಲಿ ನಾನೂ ಒಬ್ಬಳು.

ಇವತ್ತು ಬೆಳಿಗ್ಗೆ ಅರ್ಥಶಾಸ್ತ್ರದ ಪ್ರೊಫೆಸರೊಬ್ಬರು ಬಂದು ನನ್ನ ಮುಖಕ್ಕೆ ಮೊಬೈಲು ಹಿಡಿದರು. "ಪುಸ್ತಕ ಕಪಾಟಿನಲ್ಲೇ ಇದೆ ಅಂತಿದೆ ಕಣ್ರೀ, ಹೋಗಿ ನೋಡಿದ್ರೆ ಇಲ್ಲ! ಸುಳ್ಳು ಹೇಳೋಕೆ ಕಂಪ್ಯೂಟರ್ ಬೇರೆ ಬೇಕಿತ್ತಾ?"

ನನಗೆ ರೇಗಿಹೋಯಿತು. ಬಾಯಿ ತೆರೆಯುವಷ್ಟರಲ್ಲಿ ನಮ್ಮ ಅಟೆಂಡರ್ ಮಾದೇವಮ್ಮ ಎದ್ದರು. ಹಿನಕಲ್ಲಿನವರು, ಇನ್ನೇನು ನಿವೃತ್ತಿಯಾಗುವವರು. ನೇರವಾಗಿ ಭೂಗರ್ಭಶಾಸ್ತ್ರದ ಕಪಾಟಿಗೆ ಹೋಗಿ, ದಪ್ಪ ಸಂಪುಟಗಳ ಹಿಂದೆ ಕೈ ಹಾಕಿ ಅದೇ ಪುಸ್ತಕವನ್ನು ಎಳೆದು ತಂದರು.

"ಪರೀಕ್ಷೆ ಬಂತು ಅಂದ್ರೆ, ಬೇರೆಯೋರಿಗೆ ಸಿಗ್ಬಾರ್ದು ಅಂತ ಮಕ್ಳು ಅಲ್ಲಿ ಬಚ್ಚಿಟ್ಬುಡ್ತಾರೆ ಸಾ."

"ಎಂಥಾ ಮಕ್ಕಳು ರೀ!" ಎಂದರು ಪ್ರೊಫೆಸರು.

"ಆ ಜಾಗ ಮೊದ್ಲು ಕಂಡಿಡಿದೋರೇ ನೀವಲ್ವಾ ಸಾ? ನೀವು ಎಂಎ ಓದೋವಾಗ ಅಲ್ಲಿಂದ ಎಷ್ಟು ಸಲ ತಂದು ವಾಪಸ್ ಇಟ್ಟಿದೀನಿ!"

ಪ್ರೊಫೆಸರು ತಲೆ ತಗ್ಗಿಸಿ ಪುಸ್ತಕವನ್ನು ತಮ್ಮ ಹೆಸರಿಗೆ ಬರೆಸಿಕೊಂಡರು.

ಹೆಮ್ಮೆಯಿಂದಲೇ ಹೇಳುತ್ತೇನೆ, ನಮ್ಮ ಕಂಪ್ಯೂಟರು ಸುಳ್ಳು ಹೇಳಿರಲಿಲ್ಲ. ಪುಸ್ತಕ ಕಪಾಟಿನಲ್ಲೇ ಇತ್ತು. ಯಾವ ಕಪಾಟು ಅನ್ನುವುದನ್ನು ಮಾತ್ರ ಮಾದೇವಮ್ಮನವರನ್ನು ಕೇಳಬೇಕು.