ಅಕ್ಕನ ಮೂರು ಗುಂಡಿ

ಬಸ್ಸಿನ ಕುಲುಕಾಟಕ್ಕೆ ಚೀಲದಲ್ಲಿರುವ ಗುಂಡಿಹಲಗೆಯ ತಂತಿ ಬಿಟ್ಟುಹೋಗಬಹುದು. ಧರ್ಮಪುರಿಯಲ್ಲಿ ಬಸ್ಸು ಬದಲಿಸುವಾಗ ಚೀಲವನ್ನೇ ಮರೆಯಬಹುದು. ಪಾಲಕೋಡಿನ ಅಕ್ಕನ ಮನೆ ಸೇರುವಷ್ಟರಲ್ಲಿ ಕರೆಂಟು ಹೋಗಿರಬಹುದು. ಕರೆಂಟಿದ್ದರೂ ಕಂಪ್ಯೂಟರು ನನ್ನ ಗುಂಡಿಗಳನ್ನು ಗುರುತೇ ಹಿಡಿಯದಿರಬಹುದು. ಹಿಡಿದರೂ ಅಕ್ಕನ ಕೈನಡುಕಕ್ಕೆ ಒಂದು ಒತ್ತು ಹತ್ತಾಗಿ, ನೀರು ನೀರು ನೀರು ಎಂದು ಅದು ಬೀದಿಗೆಲ್ಲ ಕೇಳುವಂತೆ ಕೂಗಬಹುದು. ಇಲ್ಲವೇ ಅಕ್ಕ ಇದೇನು ಆಟದ ಸಾಮಾನು ಎಂದು ಮುಖ ತಿರುಗಿಸಬಹುದು. ಸೇಲಂನಲ್ಲಿ ಬಸ್ಸು ಹತ್ತಿದ ನಾನು ತೊಪ್ಪೂರು ಘಾಟಿ ದಾಟುವುದರೊಳಗೆ ಇಷ್ಟನ್ನೂ ಎರಡೆರಡು ಸಲ ಅನುಭವಿಸಿ ಮುಗಿಸಿದ್ದೆ.

ಪ್ರೋಗ್ರಾಂ ಬರೆಯುವುದು ನನ್ನ ಹೊಟ್ಟೆಪಾಡು. ಚಿಂತೆ ಮಾಡುವುದು ಅದಕ್ಕಿಂತ ಹಳೆಯ ಕಸುಬು, ಕೈ ಕುದುರಿರುವುದೂ ಅದರಲ್ಲೇ.

ನಾಲ್ಕು ತಿಂಗಳ ಹಿಂದೆ ಅಕ್ಕನಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಒಟ್ಟಿಗೆ ಹೋದವು. ಮೇಯುವ ಕುರಿಗಳನ್ನು ಹೊಲದ ಈ ಬದುವಿನಿಂದಲೇ ಕೂಗಿ ತಿರುಗಿಸುತ್ತಿದ್ದವಳು. ಈಗ ಅವಳಿಗೆ ಏನು ಬೇಕೆಂದು ಬಾವ ಊಹಿಸಬೇಕು. ಅವಳು ಕಿಟಕಿಯ ಕಡೆ ಕಣ್ಣು ಹಾಯಿಸಿದರೆ ಟೀ ಬರುತ್ತಿತ್ತು. ಟೀ ಕುಡಿದು ಸುಮ್ಮನಾಗುತ್ತಿದ್ದಳು. ಆ ಸುಮ್ಮನಾಗುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ಅವಳಿಗೆ ಬೇಕಾದ್ದನ್ನು ಅವಳೇ ಕೇಳಬೇಕು, ಅಷ್ಟೇ ನನ್ನ ಆಸೆ.

ಹಳೆಯ ಮೌಸೊಂದನ್ನು ಬಿಚ್ಚಿ, ಅದರ ಮೂರು ಗುಂಡಿಗಳ ತಂತಿಯನ್ನು ಅಂಗೈ ಅಗಲದ ಮೂರು ಗುಂಡಿಗಳಿಗೆ ಎಳೆದು, ಹಲಗೆಗೆ ಕೂರಿಸಿದೆ. ಒಂದು ಒತ್ತಿದರೆ ಕಂಪ್ಯೂಟರು 'ಇಲ್ಲಿ ಬಾ' ಎನ್ನುತ್ತದೆ, ಇನ್ನೊಂದಕ್ಕೆ 'ನೀರು', ನಡುವಿನದು ಹಸಿವಿಗೆ, 'ಒಟ್ಟೆ ಅಸೀತೈತೆ'. ದನಿ ನನ್ನದು, ನಮ್ಮಿಬ್ಬರ ದನಿ ಒಂದೇ ಎನ್ನುತ್ತಾರೆ.

ತೊಡಕಿದ್ದದ್ದು ಕಂಪ್ಯೂಟರಿನಲ್ಲಿ. ಆ ಮನೆಯಲ್ಲಿರುವುದು ಒಂದೇ, ಅದರಲ್ಲಿ ಅಕ್ಕನ ಸೊಸೆ ರವಿಕೆ ಕಸೂತಿಗೆ ನವಿಲಿನ ಚಿತ್ರ ಬರೆಯುತ್ತಾಳೆ. ಎರಡು ಮೌಸ್ ಚುಚ್ಚಿದರೂ ಪರದೆಗೆ ಅವು ಕೂಡು ಕುಟುಂಬ. ಒಲೆ ಒಂದೇ, ಪರದೆಯ ಮೇಲೆ ಓಡಾಡುವ ಬಾಣವೂ ಒಂದೇ. ಅಕ್ಕ ನೀರು ಕೇಳಿದರೆ ಸೊಸೆಯ ನವಿಲಿಗೆ ಇನ್ನೊಂದು ಕಾಲು ಮೂಡುತ್ತದೆ. ಆದ್ದರಿಂದ ನನ್ನ ಪ್ರೋಗ್ರಾಂ ಆ ಬಾಣವನ್ನು ನಂಬದೆ ನೇರವಾಗಿ ಸಾಧನದ ಬಳಿಗೇ ಹೋಗುತ್ತದೆ. ನೀನು ಯಾರು, ನಿನ್ನ ಯಾವ ಗುಂಡಿ ಒತ್ತಿದರು ಎಂದು ಕೇಳುತ್ತದೆ. ಅಕ್ಕನ ಹಲಗೆಯದಾದರೆ ತಾನೇ ಹಿಡಿದಿಟ್ಟುಕೊಂಡು, ಸೊಸೆಯ ಕಸೂತಿ ಚಿತ್ರದವರೆಗೆ ಬಿಡುವುದಿಲ್ಲ. ಪಟಪಟ ಹತ್ತು ಸಲ ಒತ್ತಿದರೆ ಒಂದೇ ಎಂದು ಎಣಿಸುತ್ತದೆ.

ಅಕ್ಕನ ಮನೆಯಲ್ಲಿ ಚೀಲ ಬಿಚ್ಚಿ ನೋಡಿದರೆ ತಂತಿ ಬಿಟ್ಟಿರಲಿಲ್ಲ. ಕರೆಂಟಿತ್ತು. ನನಗೇ ಅನುಮಾನ ಬರುವಷ್ಟು ಎಲ್ಲ ಸರಿಯಿತ್ತು.

"ಇದು ಒತ್ತಿದ್ರೆ ಶಾಕ್ ಒಡೀತೈತೇನವ್ವಾ?" ಎಂದರು ಬಾವ.

"ಇಲ್ಲ ಬಾವ."

"ಅಂಗಾರೆ ನೀನ್ಯಾಕೆ ದೂರ ನಿಂತಿದ್ದೀಯಾ?"

ಅಕ್ಕ ಎಡಗೈಯಿಂದ ಮೊದಲನೆಯದನ್ನು ಒತ್ತಿದಳು. 'ಇಲ್ಲಿ ಬಾ' ಅಂತು. ಪಕ್ಕದಲ್ಲೇ ನಿಂತಿದ್ದ ಬಾವ, "ಇಲ್ಲೇ ಇದ್ದೀನಲ್ಲಮ್ಮೀ" ಎಂದು ಇನ್ನೊಂದು ಹೆಜ್ಜೆ ಹತ್ತಿರ ಬಂದರು. ನೀರನ್ನೂ ಒತ್ತಿದಳು, ನೀರೂ ಬಂತು. ಸೊಸೆಯ ನವಿಲು ಅಲ್ಲಾಡಲಿಲ್ಲ.

ನಡುವಿನ ಗುಂಡಿಗೆ ಬಂದಾಗ ಎಡಗೈ ನಿಂತುಬಿಟ್ಟಿತು.

ಎಡಗೈಯಲ್ಲಿ ನೀರು ಕೇಳಬಹುದು, ಗಂಡನನ್ನೂ ಕರೆಯಬಹುದು. ಅನ್ನ ಕೇಳುವುದೆಂದರೆ? ನಾವು ಚಿಕ್ಕವರಿದ್ದಾಗ ಎಡಗೈ ಚಾಚಿದರೆ ಅವ್ವ ಸೌಟಿನಲ್ಲೇ ಒಂದು ಕೊಡುತ್ತಿದ್ದಳು. ಅಕ್ಕ ಎಡಗೈಯಿಂದ ಸತ್ತ ಬಲಗೈಯನ್ನು ಎತ್ತಿ, ನಿಧಾನವಾಗಿ ಒಯ್ದು, ಗುಂಡಿಯ ಮೇಲೆ ಇಳಿಬಿಟ್ಟಳು. ಕೈ ಅಲ್ಲೇ ಕೂತಿತು.

ಕಂಪ್ಯೂಟರಿನಿಂದ ದನಿಯೇ ಬರಲಿಲ್ಲ.

"ಎನ್ನಾಚು ಚಿತ್ತಿ?" ಎಂದಳು ಸೊಸೆ, ಏನಾಯಿತು ಚಿಕ್ಕಮ್ಮ ಎಂದು ಅವಳ ತಮಿಳಿನಲ್ಲಿ.

ಏನಾಯಿತೆಂದು ನನಗೆ ಗೊತ್ತಿತ್ತು. ಹಾಸಿಗೆಯ ಕಂಬಳಿಯೋ ಕುರಿಮರಿಯೋ ಗುಂಡಿಯ ಮೇಲೆ ಬಿದ್ದುಕೊಂಡರೆ ಎಂಬ ಚಿಂತೆಯಲ್ಲಿ, ಒತ್ತಿ ಎರಡು ಸೆಕೆಂಡಿನೊಳಗೆ ಬಿಟ್ಟರೆ ಮಾತ್ರ ಮಾತು, ಬಿಡದಿದ್ದರೆ ಅದು ಮನುಷ್ಯರ ಕೈಯಲ್ಲ ಎಂದು ಬರೆದಿದ್ದೆ. ಎಲ್ಲರೂ ಮಲಗಿದ ಮೇಲೆ ಎದ್ದು ಕೂತು, ಭಾರಿ ಜಾಣತನವೆಂದು ಸೇರಿಸಿದ ಸಾಲು ಅದು.

ನಾನು ಆ ಸಾಲನ್ನು ಹುಡುಕುತ್ತಿರುವಾಗ ಬಾವ ಮುದ್ದೆ, ಸಾರು ಕಲಸಿ ತಂದೇಬಿಟ್ಟರು. ಅಕ್ಕ ತುಟಿ ಬಿಗಿದುಕೊಂಡಳು. ಇನ್ನೊಮ್ಮೆ ನೀಡಿದರು. ಅವಳು ಮುಖ ತಿರುಗಿಸಿ ನನ್ನ ಕಡೆ ನೋಡಿದಳು.

"ನೋಡವ್ವಾ, ತಾನೇ ಕೇಳೋಗಂಟ ಉಣ್ಣಾಕಿಲ್ವಂತೆ ಇವಳು!" ಎಂದು ಬಾವ ತುತ್ತು ಹಿಡಿದೇ ಕೂತರು.

ಸಾಲು ಸಿಕ್ಕಿತು, ಅಳಿಸಿ ಹಾಕಿದೆ. ಅಕ್ಕ ಮತ್ತೆ ಬಲಗೈಯನ್ನು ಎತ್ತಿ ತಂದು ಇಳಿಬಿಟ್ಟಳು.

"ಒಟ್ಟೆ ಅಸೀತೈತೆ."

ಬಾಯಿ ತೆರೆದಳು.